‘ತಾತ್ಕಾಲಿಕ’ ಅಂದ್ರೆ ಎಷ್ಟು ವರ್ಷ ಸ್ವಾಮಿ?

ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ನಾವು ಬ್ಯಾಂಕಿನವರು ಆ ಖಾತೆಗೆ ಎನ್‌ಪಿಎ ಅಂತ ಹಣೆಪಟ್ಟಿ ಹಚ್ಚುತ್ತೇವೆ. ಆದರೆ ನಗರಪಾಲಿಕೆ ಯಾರದೋ ಜಾಗವನ್ನು ‘ಆಟದ ಮೈದಾನಕ್ಕೆ ಮೀಸಲು’ ಅಂತ ನಕ್ಷೆಯಲ್ಲಿ ಗುರುತು ಮಾಡಿ, ಒಂದು ಪೈಸೆ ಕೊಡದೆ ಹತ್ತು ವರ್ಷ ಕೂರಬಹುದು. ಅದಕ್ಕೆ ಯಾವ ಹಣೆಪಟ್ಟಿಯೂ ಇಲ್ಲ. ಕೇಳಿದರೆ, ‘ಇದು ತಾತ್ಕಾಲಿಕ ನಿರ್ಬಂಧ ಅಷ್ಟೇ, ಜಾಗ ನಿಮ್ಮ ಹೆಸರಲ್ಲೇ ಇದೆಯಲ್ಲ’ ಅಂತಾರೆ.

ನಾನಿರೋದು ಪುಣೆಯಲ್ಲಿ, ಹಾಗಾಗಿ ಮಹಾರಾಷ್ಟ್ರದ ಲೆಕ್ಕವನ್ನೇ ಹೇಳ್ತೀನಿ. ಇಲ್ಲಿನ 1966ರ ನಗರ ಯೋಜನಾ ಕಾಯ್ದೆಯ 127ನೇ ಕಲಂ ಪ್ರಕಾರ, ಅಂತಿಮ ಡಿ.ಪಿ. ಜಾರಿಗೆ ಬಂದು 10 ವರ್ಷದೊಳಗೆ ಜಾಗ ತೆಗೆದುಕೊಳ್ಳದಿದ್ದರೆ ಮಾಲೀಕ ನೋಟಿಸ್ ಕೊಡಬಹುದು. ಆಮೇಲೂ ಸುಮ್ಮನಿದ್ದರೆ ಮೀಸಲು ರದ್ದು. ಈ ನೋಟಿಸಿನ ಅವಧಿ ಮೊದಲು 6 ತಿಂಗಳಿತ್ತು. ಅಷ್ಟರಲ್ಲಿ ಪಾಲಿಕೆ ಮೇಲಿನವರಿಗೊಂದು ಪತ್ರ ಬರೆದು ‘ಕ್ರಮ ಕೈಗೊಂಡಿದ್ದೇವೆ’ ಅಂತಿತ್ತು. ಬರೀ ಪತ್ರ ಸಾಲದು, ಭೂಸ್ವಾಧೀನಕ್ಕೆ ನಿಜವಾದ ಹೆಜ್ಜೆ ಇಡಬೇಕು ಅಂತ 2007ರಲ್ಲಿ ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರ ಏನು ಮಾಡಿತು? 2009ರಲ್ಲಿ 6 ತಿಂಗಳನ್ನು 12 ಮಾಡಿತು, 2015ರಲ್ಲಿ 24! ಬಾಕಿದಾರನೇ ಗಡುವು ತಿದ್ದಿದ ಹಾಗೆ. ನಮ್ಮ ಗ್ರಾಹಕರು ಹೀಗೆ ಮಾಡಿದರೆ ಬಿಡ್ತೀವಾ?

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ಮಗನ ವರ್ಕ್‌ಶಾಪಿಗೆ ಸಾಲ ಕೇಳಿಕೊಂಡು ಬಂದಿದ್ದರು. ಅಡಮಾನಕ್ಕೆ ಇದ್ದದ್ದು ಒಂದೇ ಜಾಗ. ಡಿ.ಪಿ. ರಿಮಾರ್ಕ್ ತರಿಸಿದರೆ ‘ಶಾಲೆಗೆ ಮೀಸಲು’. ನಮ್ಮ ಪ್ಯಾನೆಲ್ ವಕೀಲರು ಒಂದೇ ಸಾಲಿನಲ್ಲಿ ಬೇಡ ಅಂದರು, ಸಾಲ ಸಿಗಲಿಲ್ಲ. ಆ ಜಾಗದ ತೆರಿಗೆ ಮಾತ್ರ ಅವರು ವರ್ಷಾವರ್ಷ ಕಟ್ಟುತ್ತಿದ್ದರು, ರಸೀತಿಗಳನ್ನೆಲ್ಲ ಜೋಪಾನವಾಗಿ ಫೈಲು ಮಾಡಿಟ್ಟಿದ್ದರು.

ಊರಿಗೆ ಪಾರ್ಕು, ಶಾಲೆ ಬೇಡವೇ ಅಂತ ನೀವು ಕೇಳಬಹುದು. ಖಂಡಿತ ಬೇಕು. ನನ್ನ ಸಿಟ್ಟೂ ಅದಕ್ಕೇ. ಕಾದು ಕಾದು ಸುಸ್ತಾದ ಮಾಲೀಕ ಬಂದ ಬೆಲೆಗೆ ಬಿಲ್ಡರಿಗೆ ಮಾರುತ್ತಾನೆ. ಬಿಲ್ಡರಿಗೆ ವಕೀಲರಿದ್ದಾರೆ, ತಾಳ್ಮೆಯೂ ಇದೆ. ನೋಟಿಸ್ ಕೊಟ್ಟು ಮೀಸಲು ತೆಗೆಸುತ್ತಾನೆ, ಅಲ್ಲಿ ಟವರ್ ಏಳುತ್ತದೆ. ಬಡವನಿಗೆ ಬೆಲೆ ಇಲ್ಲ, ಮಕ್ಕಳಿಗೆ ಮೈದಾನವೂ ಇಲ್ಲ. ದುಡ್ಡಿನ ಬದಲು ಟಿಡಿಆರ್ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋದೂ ಇದೆ. ಅದನ್ನು ಯಾರಿಗೆ, ಯಾವ ದರಕ್ಕೆ ಮಾರಬೇಕು ಅಂತ ಗೊತ್ತಿರೋದೂ ಬಿಲ್ಡರಿಗೇ.

33 ವರ್ಷ ಮೀಸಲಿನಲ್ಲೇ ಕೊಳೆತ ಜಾಗವೊಂದನ್ನು 2025ರಲ್ಲಿ ಸುಪ್ರೀಂ ಕೋರ್ಟೇ ಬಿಡಿಸಬೇಕಾಯಿತು. ಅದೂ ಮಹಾರಾಷ್ಟ್ರದ್ದೇ. (ನಮ್ಮ ಕರ್ನಾಟಕದ 1961ರ ಕಾಯ್ದೆಯಲ್ಲಿ ಗಡುವು ಐದೇ ವರ್ಷ. ಕಾಗದದ ಮೇಲಾದರೂ ನಾವು ವಾಸಿ.)

ಒಂದು ಕೋಟಿಗೆ ಶೇ. 8ರಂತೆ 12 ವರ್ಷದ ಚಕ್ರಬಡ್ಡಿ ಹಾಕಿ ನೋಡಿ, ಎರಡೂವರೆ ಕೋಟಿ ದಾಟುತ್ತದೆ. ಜಾಗದ ಬೆಲೆಯೂ ಏರುತ್ತಲ್ಲ ಅಂತಾರೆ. ಮಾರಲಾಗದ, ಅಡವಿಡಲಾಗದ ಬೆಲೆಯಿಂದ ಯಾರ ಮನೆಗೆ ಅಕ್ಕಿ ಬರುತ್ತೆ ಹೇಳಿ? ಮೀಸಲಿಟ್ಟ ದಿನದಿಂದಲೇ ಪಾಲಿಕೆ ರೆಡಿ ರೆಕನರ್ ಬೆಲೆಯ ಮೇಲೆ ಮಾಲೀಕನ ಖಾತೆಗೆ ವರ್ಷಾವರ್ಷ ಬಡ್ಡಿ ಜಮಾ ಮಾಡಲಿ. ಅಷ್ಟು ದುಡ್ಡಿಲ್ಲ ಅಂತಾದರೆ, ಕೊಳ್ಳಲು ಎಷ್ಟು ಶಕ್ತಿ ಇದೆಯೋ ಅಷ್ಟೇ ಜಾಗಕ್ಕೆ ಗುರುತು ಹಾಕಲಿ.