ಬೆಟ್ಟವಿಲ್ಲದ ತೊಟ್ಟಿಯಲ್ಲಿ ಕಡಲ ಮೊಲ

ಅಡಿಕೆ, ಕಾಳುಮೆಣಸು, ಕೊಳೆರೋಗ, ಸೊಪ್ಪಿನಬೆಟ್ಟ ಎಂದು ಬರೆದುಕೊಂಡಿದ್ದವನು ಇದ್ದಕ್ಕಿದ್ದಂತೆ ಕಡಲಿನ ಒಂದು ಮೃದ್ವಂಗಿಯ ಕಥೆ ತೆಗೆದಿದ್ದಾನಲ್ಲ ಎಂದು ಘಟ್ಟದ ಮೇಲಿನ ಓದುಗರಿಗೆ ಅನ್ನಿಸಬಹುದು. ಕಾರಣವಿಷ್ಟೆ: ಆ ಜೀವಿ ಸತ್ತದ್ದು ನನ್ನ ಸಲಹೆಯಿಂದ. ಮಣ್ಣಿನ ಪೋಷಕಾಂಶಗಳನ್ನೇ ಓದಿ ಡಾಕ್ಟರೇಟ್ ಪಡೆದವನು, ಊರೂರಿನ ರೈತರ ಮುಂದೆ ಸಾರಜನಕದ ಲೆಕ್ಕ ಒಪ್ಪಿಸುವವನು, 300 ಲೀಟರ್ ನೀರಿನಲ್ಲಿ ಅದೇ ಲೆಕ್ಕವನ್ನು ತಪ್ಪಿದೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ತನ್ನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಹುಡುಗ ಬೇಜವಾಬ್ದಾರಿಯವನಲ್ಲ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆಯೆಂಬುದನ್ನು ತಿಳಿದುಕೊಂಡು, ಕೃತಕ ಬಂಡೆಗಳನ್ನೇ ಜೋಡಿಸಿಕೊಂಡವನು. ಕ್ಲೌನ್ ಮೀನುಗಳನ್ನು ಕೊಳ್ಳುವಾಗಲೂ ಕಡಲಿನಿಂದ ಹಿಡಿದವು ಬೇಡ, ಸಾಕಣೆಯಲ್ಲಿ ಮರಿಯಾದವೇ ಬೇಕೆಂದು ಹುಡುಕಿ ತಂದಿದ್ದ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳ ವಿಜ್ಞಾನಿಗಳಿಗೆ ಆ ವಿದ್ಯೆ ಕೈವಶವಾಗಿ ವರ್ಷಗಳೇ ಕಳೆದಿವೆ. ಹೀಗೆ ಎಲ್ಲ ಎಚ್ಚರಿಕೆ ವಹಿಸಿದ್ದರೂ ಎಂಟನೆಯ ತಿಂಗಳಿಗೆ ಬಂಡೆಗಳೆಲ್ಲ ಕೂದಲಿನಂಥ ಹಸಿರು ಪಾಚಿಯಲ್ಲಿ ಮುಚ್ಚಿಹೋದವು.

"ಮಾವ, ಪಾಚಿ ಸಾಯಿಸುವ ಔಷಧಿ ಅಂಗಡಿಯಲ್ಲಿದೆಯಂತೆ, ಹಾಕಲಾ?" ಎಂದು ಫೋನು ಮಾಡಿದ.

"ಔಷಧಿ ಬೇಡವೋ ಮಾರಾಯ, ಮೇಯುವ ಪ್ರಾಣಿ ಯಾವುದಾದರೂ ಬಿಡು. ಉಳಿದದ್ದನ್ನು ನಿಸರ್ಗವೇ ನೋಡಿಕೊಳ್ಳುತ್ತದೆ" ಎಂದೆ. ಈ ಕೊನೆಯ ಮಾತನ್ನು ಎಷ್ಟು ಸಭೆಗಳಲ್ಲಿ ಆಡಿ ಚಪ್ಪಾಳೆ ಗಿಟ್ಟಿಸಿದ್ದೇನೋ ಲೆಕ್ಕವಿಲ್ಲ. ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಡಲ ಮೊಲವನ್ನು ಹಾಕಿಕೊಟ್ಟರು.

ಹೆಸರು ಮೊಲವಾದರೂ ಇದು ಬಸವನಹುಳುವಿನ ಬಂಧು. ತಲೆಯ ಮೇಲೆ ನಿಮಿರಿ ನಿಲ್ಲುವ ಎರಡು ಸ್ಪರ್ಶಾಂಗಗಳು ಮೊಲದ ಕಿವಿಯಂತೆ ಕಾಣುವುದರಿಂದ ಈ ಹೆಸರು ಬಂತು. ಬೆನ್ನಿನ ಚಿಪ್ಪು ತೆಳುವಾಗಿ ಮಾಂಸದೊಳಗೇ ಹುದುಗಿಹೋಗಿದೆ. ರಕ್ಷಣೆಗೆ ಚಿಪ್ಪಿಲ್ಲದ ಈ ಸಾಧು ಪ್ರಾಣಿ ತನ್ನ ಆಹಾರದಿಂದಲೇ ಆಯುಧವನ್ನು ಮಾಡಿಕೊಳ್ಳುತ್ತದೆ. ಅಪ್ಲೀಸಿಯಾ ಕುಲದ ಕಡಲ ಮೊಲಗಳು ಕೆಂಪು ಪಾಚಿಯ ವರ್ಣದ್ರವ್ಯವನ್ನು ರೂಪಾಂತರಿಸಿ ನೇರಳೆ ಮಸಿಯಾಗಿ ಕೂಡಿಟ್ಟುಕೊಂಡು, ಶತ್ರು ಎರಗಿದಾಗ ಅದನ್ನು ಚಿಮ್ಮಿಸುತ್ತವೆ. ಹಸಿರು ಪಾಚಿಯನ್ನಷ್ಟೇ ತಿನ್ನಿಸಿ ಬೆಳೆಸಿದರೆ ಆ ನೇರಳೆ ಬಣ್ಣ ಹುಟ್ಟುವುದೇ ಇಲ್ಲ. ಪ್ರಾಚೀನ ರೋಮಿನ ಪ್ಲಿನಿ ಇದನ್ನು ಮುಟ್ಟಿದರೂ ವಿಷವೆಂದು ಬರೆದಿಟ್ಟ. ಅದು ಅತಿಶಯೋಕ್ತಿ. ಆದರೆ ಇದರ ಮೈಯಲ್ಲಿ ಪ್ರಬಲ ರಾಸಾಯನಿಕಗಳಿರುವುದು ನಿಜ. ಡೋಲಾಬೆಲ್ಲಾ ಆರಿಕ್ಯುಲೇರಿಯಾ ಎಂಬ ಹಿಂದೂ ಮಹಾಸಾಗರದ ಪ್ರಭೇದದಲ್ಲಿ ಮೊದಲು ಸಿಕ್ಕ ಡೋಲಾಸ್ಟಾಟಿನ್ ಎಂಬ ಸಂಯುಕ್ತದ ಜಾಡು ಹಿಡಿದು ರೂಪಿಸಿದ ಒಂದು ಕ್ಯಾನ್ಸರ್ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆ ಸಂಯುಕ್ತವನ್ನು ತಯಾರಿಸುವುದು ಕಡಲ ಮೊಲವಲ್ಲ, ಅದು ಮೇಯುವ ಸೂಕ್ಷ್ಮ ನೀಲಿಹಸಿರು ಪಾಚಿ ಎಂಬುದು ಅನಂತರ ತಿಳಿಯಿತು. ಈ ಪ್ರಾಣಿಯ ಬಣ್ಣವೂ ವಿಷವೂ ಬಲುಮಟ್ಟಿಗೆ ಅದರ ಮೇವಿನಿಂದ ಬಂದವು.

ಹುಡುಗನಿಗೆ ಸಿಕ್ಕಿದ್ದೂ ಈ ಡೋಲಾಬೆಲ್ಲಾವೇ. ಬೆಚ್ಚನೆಯ ನೀರಿನ ತೊಟ್ಟಿಗಳಿಗೆಂದು ಹೆಚ್ಚಾಗಿ ಮಾರಾಟವಾಗುವ ಜಾತಿ ಇದು. ಹಗಲು ಮರಳಲ್ಲಿ ಅರ್ಧ ಹೂತುಕೊಂಡಿದ್ದು ರಾತ್ರಿ ಮೇಯಲು ಹೊರಡುತ್ತದೆ. ಬೆಳೆದರೆ 30 ಸೆಂಟಿಮೀಟರನ್ನೂ ಮೀರುತ್ತದೆ. ತಂದಾಗ ಅದು ಅಂಗೈಯಷ್ಟಿತ್ತು. ಎರಡು ವಾರಗಳಲ್ಲಿ ಬಂಡೆಗಳನ್ನು ಸಾರಿಸಿದಂತೆ ಚೊಕ್ಕಟ ಮಾಡಿಬಿಟ್ಟಿತು. ಹುಡುಗ ಕಳಿಸಿದ ಚಿತ್ರವನ್ನು ನಾನು ತರಬೇತಿ ಶಿಬಿರವೊಂದರಲ್ಲಿ ಜೈವಿಕ ನಿಯಂತ್ರಣದ ನಿದರ್ಶನವಾಗಿ ತೋರಿಸಿದ್ದೂ ಉಂಟು. ನಾಲ್ಕನೆಯ ವಾರ ಅದು ಹಗಲಲ್ಲೂ ಗಾಜಿನ ಮೇಲೆ ಅಲೆಯತೊಡಗಿತು. ಮೈ ಇಳಿಯುತ್ತ ಬಂತು. ಲೆಟಿಸ್ ಸೊಪ್ಪು ಕೊಟ್ಟರೆ ಮೂಸಿ ಬಿಟ್ಟಿತು. ಅಂಗಡಿಯಿಂದ ತಂದ ಒಣ ನೋರಿ ಹಾಳೆಯನ್ನು ಕಲ್ಲಿಗೆ ಕಟ್ಟಿ ಇಳಿಬಿಟ್ಟಾಗ ತುಸು ತಿಂದಿತು, ಆದರೆ ಅಷ್ಟುಹೊತ್ತಿಗೆ ತಡವಾಗಿತ್ತು. ಆರನೆಯ ವಾರ ಸತ್ತಿತು. ಅದಾಗಿ ತಿಂಗಳೊಳಗೆ ಬಂಡೆಗಳ ಮೇಲೆ ಪಾಚಿ ಮತ್ತೆ ಚಿಗುರಿತು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಆ ನೀರನ್ನು ಪರೀಕ್ಷಿಸಿದೆ. ಹವಳದಿಬ್ಬದ ಕಡಲನೀರಿನಲ್ಲಿ ನೈಟ್ರೇಟು ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಇಲ್ಲಿ ಅದರ ಹತ್ತಾರು ಪಟ್ಟು ಇತ್ತು. ಮೂಲ ಹುಡುಕುವುದು ಕಷ್ಟವಾಗಲಿಲ್ಲ. ಮೀನುಗಳಿಗೆ ದಿನಕ್ಕೆ ಮೂರು ಹೊತ್ತು ಊಟ. ಆವಿಯಾದ ನೀರಿನ ಬದಲಿಗೆ ಕೊಳವೆಬಾವಿಯ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ವಿಧಿಸಿರುವ ನೈಟ್ರೇಟಿನ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನೂ ದಾಟಿವೆ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರಿಯ ನೀರು. ನೈಟ್ರೇಟು ತೊಟ್ಟಿಯಲ್ಲೇ ಉಳಿಯುತ್ತದೆ. ಪ್ರತಿ ಬಾರಿ ತುಂಬಿದಾಗಲೂ ಮತ್ತಷ್ಟು ಸೇರುತ್ತದೆ.

ನನ್ನ ತಪ್ಪು ಇರುವುದು ಇಲ್ಲಿ. ಪಾಚಿಯನ್ನು ಪ್ರಾಣಿ ತಿಂದರೆ ಪಾಚಿಯೊಳಗಿನ ಸಾರಜನಕ, ರಂಜಕಗಳು ಎಲ್ಲಿಗೆ ಹೋದವು? ಅಲ್ಪಭಾಗ ಅದರ ಮೈಯಾಯಿತು, ಮಿಕ್ಕದ್ದು ಸೆಗಣಿಯಾಗಿ ಅದೇ ನೀರಿಗೆ ಬಿತ್ತು. ಬ್ಯಾಕ್ಟೀರಿಯಾಗಳು ಅದನ್ನು ಕಳಿಸಿ ನೈಟ್ರೇಟು ಮಾಡಿದವು. ಪ್ರಾಣಿ ಸತ್ತಾಗ ಮೈಯಲ್ಲಿದ್ದುದೂ ಕೊಳೆಯತೊಡಗಿತು. ಗದ್ದೆಯಲ್ಲಿ ಕೊಯ್ಲು ಮಾಡಿದರೆ ಪೋಷಕಾಂಶ ಗದ್ದೆಯಿಂದ ಹೊರಗೆ ಹೋಗುತ್ತದೆ. ದನವನ್ನು ಬೇಲಿಯೊಳಗೇ ಮೇಯಿಸಿ ಸೆಗಣಿಯನ್ನು ಅಲ್ಲೇ ಬಿಟ್ಟರೆ ಹೋಗುವುದಿಲ್ಲ. ಕೃಷಿ ಕಾಲೇಜಿನ ಮೊದಲ ವರ್ಷದ ಪಾಠವಿದು. ಕಡಲ ಮೊಲ ಮಾಡಿದ್ದು ಪಾಚಿಯನ್ನು ಕಣ್ಣಿಂದ ಮರೆಮಾಡುವ ಕೆಲಸ, ನೀಗುವ ಕೆಲಸವಲ್ಲ. ಔಷಧಿ ಬೇಡ, ಜೀವಿ ಸಾಕು ಎಂದಾಗ ನಾನು ಆ ಜೀವಿಯನ್ನೇ ಇನ್ನೊಂದು ಬಾಟಲಿ ಔಷಧಿಯಂತೆ ಕಂಡಿದ್ದೆ.

ಉತ್ತರ ಕನ್ನಡದ ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಎಂಬ ಬ್ರಿಟಿಷರ ಕಾಲದ ಹಕ್ಕಿನ ಹಿಂದೆ, ಒಂದು ಕೊಟ್ಟಿಗೆ ನಡೆಯಲು ಎಷ್ಟು ಹಸಿರು ಬೇಕೆಂಬ ಅನುಭವವಿದೆ. ಕಡಲ ಮೊಲಕ್ಕೂ ಒಂದು ಬೆಟ್ಟ ಬೇಕು. ಕಡಲಿನಲ್ಲಿ ಅದು ಒಂದೆಡೆ ಮೇದು ಮುಂದಕ್ಕೆ ಸರಿಯುತ್ತದೆ, ಬಿಟ್ಟುಬಂದ ಜಾಗದಲ್ಲಿ ಪಾಚಿ ಮತ್ತೆ ಬೆಳೆಯುತ್ತದೆ. ನಾಲ್ಕಡಿಯ ಗಾಜಿನೊಳಗೆ ಬಿಟ್ಟರೆ ಎರಡು ವಾರದಲ್ಲಿ ಬೆಟ್ಟ ಬೋಳು.

"ಹೇಗೂ ವರ್ಷವಷ್ಟೇ ಬದುಕುವ ಪ್ರಾಣಿ ಸ್ವಾಮಿ" ಎಂದರು ಅಂಗಡಿಯವರು, ನಾನೇ ಹೋಗಿ ಕೇಳಿದಾಗ. ಆ ಮಾತು ಹೆಚ್ಚೂಕಡಿಮೆ ನಿಜ. ಆದರೆ ಆ ಒಂದು ವರ್ಷದಲ್ಲಿ ಅದು ಬೆಳೆದು, ಜೋಡಿಯಾಗಿ, ಶ್ಯಾವಿಗೆಯ ಮುದ್ದೆಯಂತೆ ಸಿಕ್ಕುಗಟ್ಟಿದ ಎಳೆಗಳಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಸಾಯಬೇಕು. ಬೆಳೆಯುವ ಮೊದಲೇ ಉಪವಾಸದಿಂದ ಸತ್ತದ್ದು ಆ ಆಯುಸ್ಸಿನ ಲೆಕ್ಕಕ್ಕೆ ಸೇರದು. ತೊಟ್ಟಿಯಲ್ಲಿ ಮೊಟ್ಟೆಯಿಟ್ಟರೂ ಮರಿಗಳು ಉಳಿಯುವುದಿಲ್ಲ. ಲಾರ್ವಾಗಳು ವಾರಗಟ್ಟಲೆ ನೀರಿನಲ್ಲಿ ತೇಲುತ್ತ ಸೂಕ್ಷ್ಮ ಸಸ್ಯಗಳನ್ನು ತಿಂದು, ತಮಗೊಗ್ಗುವ ಪಾಚಿಯ ಮೇಲೆ ಇಳಿಯಬೇಕು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿ ಸಂಶೋಧನೆಗಾಗಿ ಕ್ಯಾಲಿಫೋರ್ನಿಯಾದ ಅಪ್ಲೀಸಿಯಾವನ್ನು ಮೊಟ್ಟೆಯಿಂದ ಬೆಳೆಸುತ್ತಾರೆ, ಅದರ ಮೇವಿನ ಗ್ರಾಸಿಲೇರಿಯಾ ಪಾಚಿಯನ್ನೂ ಬೆಳೆಯುತ್ತಾರೆ. ಅಂಗಡಿಯ ಚೀಲದೊಳಗಿನ ಡೋಲಾಬೆಲ್ಲಾ ಮಾತ್ರ ಕಡಲಿನಿಂದಲೇ ಎತ್ತಿ ತಂದದ್ದು.

ಆ ಅಪ್ಲೀಸಿಯಾದಿಂದಲೇ ನೆನಪೆಂದರೇನು ಎಂಬುದನ್ನು ಮನುಷ್ಯ ಬಹಳಷ್ಟು ಕಲಿತ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಇದರಲ್ಲಿರುವುದು ಸುಮಾರು 20,000. ಕೆಲವಂತೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಗೆಳೆದುಕೊಳ್ಳುವ ಪ್ರಾಣಿ, ಮತ್ತೆ ಮತ್ತೆ ಮುಟ್ಟಿದರೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಾಲಕ್ಕೆ ವಿದ್ಯುತ್ತಿನ ಆಘಾತ ತಗಲಿದರೆ ಮುಂದೆ ಹಗುರ ಸ್ಪರ್ಶಕ್ಕೂ ಮುದುಡುತ್ತದೆ. ಆಘಾತ ಮರುಕಳಿಸಿದರೆ ಅದನ್ನು ದಿನಗಟ್ಟಲೆ ಮರೆಯುವುದಿಲ್ಲ. ಈ ಅಧ್ಯಯನಕ್ಕಾಗಿ ಎರಿಕ್ ಕ್ಯಾಂಡೆಲ್ ಅವರು 2000ದ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಹಸಿವು ಅದಕ್ಕೆ ಹೇಗೆ ಅನುಭವಕ್ಕೆ ಬರುತ್ತದೆಂದು ಹೇಳುವಷ್ಟು ನಾನು ಬಲ್ಲವನಲ್ಲ. ಹಗಲು ಅಡಗಿರಬೇಕಾದ ಪ್ರಾಣಿ ಹಗಲಿಡೀ ಗಾಜಿನ ಮೇಲೆ ಹರಿದಾಡಿದ್ದನ್ನು ಮಾತ್ರ ಹುಡುಗ ಕಂಡಿದ್ದಾನೆ.

ಕಡಲ ಮೊಲವನ್ನು ಯಾರೂ ಸಾಕಲೇಬಾರದೆಂದು ನಾನು ಹೇಳುತ್ತಿಲ್ಲ. ಸಾಕುವುದಾದರೆ ಅದಕ್ಕಾಗಿಯೇ ಸಾಕಬೇಕು. ಅದು ಮೇದು ಮುಗಿಸುವುದಕ್ಕಿಂತ ವೇಗವಾಗಿ ಪಾಚಿ ಬೆಳೆಯುವ ಬೇರೊಂದು ತೊಟ್ಟಿ ಪಕ್ಕದಲ್ಲಿರಬೇಕು. ಪಂಪಿನ ಬಾಯಿಗೆ ಜಾಲರಿ ಬೇಕು, ಇಲ್ಲದಿದ್ದರೆ ಆ ಮೆತ್ತನೆಯ ಮೈ ಸೆಳೆತಕ್ಕೆ ಸಿಕ್ಕಿ ಹರಿದುಹೋಗುತ್ತದೆ. ಮೀನಿನ ರೋಗಕ್ಕೆ ತಾಮ್ರದ ಔಷಧಿ ಬಳಸುವಂತಿಲ್ಲ. ಬೋರ್ಡೋ ದ್ರಾವಣ ಸಿಂಪಡಿಸುವ ನಮಗೆ ಬಸವನಹುಳುವಿನ ಜಾತಿಗೆ ತಾಮ್ರ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಆಗದಿದ್ದರೆ, ಒಂದೇ ಊರಿನ ಹತ್ತು ಹವ್ಯಾಸಿಗಳು ಸೇರಿ ಒಂದು ಪ್ರಾಣಿಯನ್ನು ಮೇವಿದ್ದ ತೊಟ್ಟಿಯಿಂದ ಮೇವಿದ್ದ ತೊಟ್ಟಿಗೆ ಸಾಗಿಸಿಕೊಳ್ಳಬಹುದು, ನಮ್ಮಲ್ಲಿ ಉಳುವ ಎತ್ತನ್ನು ಮುಯ್ಯಿಗೆ ಕೊಡುತ್ತಿದ್ದಂತೆ. ಮಾರುವವರೂ ಚೀಲ ಕಟ್ಟುವ ಮೊದಲು "ಪಾಚಿ ಮುಗಿದ ಮೇಲೆ ಏನು ಹಾಕುತ್ತೀರಿ?" ಎಂದು ಕೇಳಬೇಕು. ಮೊದಲು ಕೇಳಬೇಕಾಗಿದ್ದವನು ನಾನೇ ಅನ್ನಿ.

ಅಕ್ಕನ ಮಗ ಮತ್ತೊಂದು ಕಡಲ ಮೊಲವನ್ನು ತರಲಿಲ್ಲ. ಮೀನಿಗೆ ದಿನಕ್ಕೆ ಒಂದೇ ಊಟ ಮಾಡಿದ್ದಾನೆ, ಶುದ್ಧೀಕರಿಸಿದ ನೀರನ್ನೇ ತುಂಬುತ್ತಾನೆ. ಪ್ರತಿ ಭಾನುವಾರ ತೋಳು ಮಡಚಿ ಬಂಡೆಗಳಿಂದ ಪಾಚಿಯನ್ನು ಕೈಯಲ್ಲೇ ಕಿತ್ತು ತೆಗೆಯುತ್ತಾನೆ. ಮೊದಮೊದಲು ಹಿಡಿಗಟ್ಟಲೆ ಬರುತ್ತಿದ್ದುದು ಈಗ ಬೆರಳ ತುದಿಗೆ ಬಂದಿದೆಯಂತೆ. ಕಿತ್ತದ್ದನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕಬಹುದೇ ಎಂದು ಕಳೆದ ವಾರ ಫೋನು ಮಾಡಿದ್ದ. ಸಿಹಿನೀರಿನಲ್ಲಿ ಮೂರು ಸಲ ಉಪ್ಪು ಹೋಗುವಂತೆ ತೊಳೆದು ಹಾಕು ಎಂದೆ.