ಸೋತದ್ದು ಎಂಜಿನ್ನೋ, ಬಿಡಿಭಾಗವೋ?

ಮರ್ಫಿ ಟೌನಿನಿಂದ ಹಳೆಯ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಕೃಷ್ಣರಾಜಪುರ ಸಿಗುತ್ತದೆ. ಅಲ್ಲಿ 1983ರಲ್ಲಿ ಆರಂಭವಾದ ಡೀಸೆಲ್ ಲೋಕೋ ಶೆಡ್ಡು ಹೆಸರಾದದ್ದು ಡೀಸೆಲ್-ಎಲೆಕ್ಟ್ರಿಕ್ ಎಂಜಿನ್‌ಗಳ ದುರಸ್ತಿಗೆ. ಈ ಮಾದರಿಯಲ್ಲಿ ಡೀಸೆಲ್ ಎಂಜಿನ್ನು ವಿದ್ಯುತ್ ಉತ್ಪಾದಿಸುತ್ತದೆ. ಗಾಲಿಗಳನ್ನು ಮೋಟಾರು ತಿರುಗಿಸುತ್ತದೆ. ಇದಕ್ಕೆ ಸಮಬಲದ ಪ್ರತಿಸ್ಪರ್ಧಿಯೊಂದು ಇದ್ದಿತೆಂಬುದನ್ನು ಉದ್ಯಮವಲಯ ಬಹುತೇಕ ಮರೆತಿದೆ.

ಅದು ಡೀಸೆಲ್-ಹೈಡ್ರಾಲಿಕ್. ಎಂಜಿನ್ನಿಗೆ ಜೋಡಿಸಿದ ಚಕ್ರವು ಎಣ್ಣೆಯನ್ನು ರಭಸದಿಂದ ಚಿಮ್ಮಿಸುತ್ತದೆ. ಎದುರಿನ ಟರ್ಬೈನು ಆ ರಭಸಕ್ಕೆ ತಿರುಗಿ, ಗಿಯರುಗಳ ಮೂಲಕ ಗಾಲಿಗಳಿಗೆ ಬಲ ಒದಗಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ಈ ತತ್ತ್ವ, 1935ರ ವಿ-140 ಎಂಜಿನ್ನಿನ ಮೂಲಕ ದೊಡ್ಡ ಪ್ರಮಾಣದಲ್ಲಿ ಹಳಿಗೆ ಬಂದಿತು. ಇದರ ಮುಖ್ಯ ಲಾಭ ಕಡಿಮೆ ತೂಕ. 1958ರಲ್ಲಿ ಬ್ರಿಟನ್ನಿನಲ್ಲಿ ಓಡಲಾರಂಭಿಸಿದ ಸುಮಾರು 2,000 ಅಶ್ವಶಕ್ತಿಯ ಹೈಡ್ರಾಲಿಕ್ ‘ವಾರ್‌ಷಿಪ್’ 78 ಟನ್ ತೂಗುತ್ತಿತ್ತು. ಅದೇ ವರ್ಷದ, ಅಷ್ಟೇ ಶಕ್ತಿಯ ಎಲೆಕ್ಟ್ರಿಕ್ ಮಾದರಿ 133 ಟನ್! ಆದರೂ 1977ರ ಹೊತ್ತಿಗೆ ಬ್ರಿಟನ್ನಿನ ಮುಖ್ಯ ಮಾರ್ಗಗಳಿಂದ ಹೈಡ್ರಾಲಿಕ್ ಎಂಜಿನ್ನುಗಳು ನಿರ್ಗಮಿಸಿದವು.

ಭಾರತದ ಅನುಭವವೂ ಇದಕ್ಕಿಂತ ಭಿನ್ನವಲ್ಲ. 1970ರ ಸುಮಾರಿಗೆ ಜರ್ಮನಿಯ ಹೆನ್ಷೆಲ್ ಕಂಪನಿಯಿಂದ ತರಿಸಿದ 2,500 ಅಶ್ವಶಕ್ತಿಯ ಡಬ್ಲ್ಯುಡಿಎಂ-3 ಎಂಜಿನ್ನುಗಳು ಬೆರಳೆಣಿಕೆಯಷ್ಟು. ಅವುಗಳಿಗೆ ನೆಲೆಯಾದದ್ದು ಗುತ್ತಿ ಶೆಡ್ಡು. ಇಷ್ಟು ಅಲ್ಪ ಸಂಖ್ಯೆಯ ಎಂಜಿನ್ನುಗಳಿಗಾಗಿ ಯಾವ ಸಣ್ಣ ಉದ್ಯಮಿ ಗಿಯರು, ಸೀಲು ತಯಾರಿಸಲು ಬಂಡವಾಳ ಹೂಡಿಯಾನು? ಮತ್ತೊಂದೆಡೆ, ನಕ್ಷೆ-ತಂತ್ರಜ್ಞಾನಗಳ ಸಮೇತ ವಾರಾಣಸಿಗೆ ಬಂದ ಅಮೆರಿಕದ ಆಲ್ಕೋ ಮಾದರಿಯ ಎಲೆಕ್ಟ್ರಿಕ್ ಎಂಜಿನ್ನುಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು.

ಹೈಡ್ರಾಲಿಕ್ ವಿಧಾನ ಉಳಿದದ್ದು, ಅದನ್ನು ಇಲ್ಲಿಯೇ ತಯಾರಿಸಿದ ಕಡೆ. ರೈಲ್ವೆ ಎಂಜಿನಿಯರ್ ಮನ್ ಮೋಹನ್ ಸೂರಿ ರೂಪಿಸಿದ ‘ಸೂರಿ ಟ್ರಾನ್ಸ್‌ಮಿಷನ್’ ಆರಂಭದ ಎಳೆತಕ್ಕೆ ಎಣ್ಣೆಯನ್ನೂ, ವೇಗ ಹೆಚ್ಚಿದ ಮೇಲೆ ನೇರ ಯಾಂತ್ರಿಕ ಜೋಡಣೆಯನ್ನೂ ಬಳಸಿತು. ಚಿತ್ತರಂಜನ್ ಕಾರ್ಖಾನೆ 1968ರಿಂದ 1993-94ರವರೆಗೆ ಡೀಸೆಲ್-ಹೈಡ್ರಾಲಿಕ್ ಎಂಜಿನ್ನುಗಳನ್ನು ನಿರ್ಮಿಸಿತು. ಯಾರ್ಡುಗಳಲ್ಲಿ ವ್ಯಾಗನ್ನುಗಳನ್ನು ಅತ್ತಿತ್ತ ಎಳೆಯುವ ಷಂಟಿಂಗ್ ಕೆಲಸದಲ್ಲಿ ಅವು ದಶಕಗಳ ಕಾಲ ದುಡಿದವು. ಆದ್ದರಿಂದ ತತ್ತ್ವವೇ ಸೋತಿತೆನ್ನುವುದು ಸರಿಯಲ್ಲ.

ಈ ಹಳೆಯ ಲೆಕ್ಕ ಈಗೇಕೆ? ದಾಹೋದ್‌ನಲ್ಲಿ 9,000 ಅಶ್ವಶಕ್ತಿಯ 1,200 ವಿದ್ಯುತ್ ಎಂಜಿನ್ನುಗಳ ತಯಾರಿಕೆಗೆ 2023ರಲ್ಲಿ ಸೀಮೆನ್ಸ್ ಜೊತೆ ಆದ ಒಪ್ಪಂದದಲ್ಲಿ 35 ವರ್ಷಗಳ ನಿರ್ವಹಣೆಯೂ ಆ ಕಂಪನಿಯದೇ. ಅಷ್ಟು ದೀರ್ಘ ಅವಧಿಯಲ್ಲಿ ಬಿಡಿಭಾಗಗಳ ನಕ್ಷೆ ಯಾರ ಕೈಯಲ್ಲಿರುತ್ತದೆ, ಎರಡನೆಯ ಪೂರೈಕೆದಾರನಿಗೆ ಎಡೆಯುಂಟೇ ಎಂಬುದನ್ನು ವಾಣಿಜ್ಯ ಮಂಡಳಿಗಳು ರೈಲ್ವೆ ಮಂಡಳಿಯನ್ನು ಈಗಲೇ ಲಿಖಿತವಾಗಿ ಕೇಳಬೇಕು.