ಬೈಗುಳ ಸೊಸೆಗೇ ಯಾಕೆ?

ಮೂರನೇದೂ ಹೆಣ್ಣಾದ್ರೆ ಬೈಗುಳ ಯಾರಿಗೆ? ಸೊಸೆಗೆ! ತಾಯಿ ಕೊಡುವುದು ‘ಎಕ್ಸ್’ ಒಂದೇ. ‘ಎಕ್ಸೋ ವೈಯೋ’ ಎಂಬುದು ತಂದೆಯ ಕಡೆಯಿಂದ. ಇದನ್ನು ಮರಳಿಯಂಥ ಊರಿನ ಪ್ರಾಥಮಿಕ ಶಾಲೆಯಲ್ಲೇ ಯಾಕೆ ಹೇಳಬಾರದು?

ನಾಲಿಗೆ ಸುರುಳಿ ಮಾಡಿಸಿ ‘ಅಪ್ಪನ ಹಾಗೋ, ಅವ್ವನ ಹಾಗೋ’ ಎಂದು ಕೇಳುವ ಪಾಠ ಮಾಸ್ತರರು ಬಿಡಲಿ. ತದ್ರೂಪಿ ಅವಳಿಗಳಲ್ಲೂ ಅದು ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ್ದು 1952ರಲ್ಲೇ ಗೊತ್ತಾಗಿದೆ. ಮೇಲಾಗಿ, ದತ್ತುಮಗುವಿನ ಮನಸ್ಸೂ ನೋಯುತ್ತದೆ.

ಬದಲಿಗೆ ಹತ್ತಿಹೂ ತರಲಿ. 1972ರಲ್ಲಿ ಧಾರವಾಡದ ತಜ್ಞರು ಎರಡು ಜಾತಿ ಹತ್ತಿ ಕೂಡಿಸಿ ‘ವರಲಕ್ಷ್ಮಿ’ ತಂದದ್ದು ಹೇಳಲಿ. ಬೀಜಕ್ಕೆ ಎರಡೂ ಕಡೆಯ ಪಾಲುಂಟು ಎಂದು ಪರಾಗ ಮುಟ್ಟಿಸುವ ಕೂಲಿ ಹೆಣ್ಮಕ್ಕಳಿಗೂ ಗೊತ್ತು. ಹೊಲದಲ್ಲಿ ಒಪ್ಪಿದ ನ್ಯಾಯ ಮನೆಯಲ್ಲಿ ಯಾಕಿಲ್ಲ ಸ್ವಾಮಿ?